ಕನ್ನಡ ಬರಹದ ಅಕ್ಷರ ಎಣಿಸುವ ಟೂಲ್ ಇಷ್ಟು ಜಾಸ್ತಿ ಯಾಕೆ ತೋರಿಸುತ್ತದೆ?

ಕೋಲಾರದ ಟೀಚರ್:
ನಮ್ಮೂರ ಕೆರೆಯ ಬಗ್ಗೆ ಒಂದು ಲೇಖನ ಬರೆದಿದ್ದೇನೆ. ಕಳಿಸಬೇಕಾದ ಫಾರ್ಮ್‌ನಲ್ಲಿ "2000 ಅಕ್ಷರ ಮೀರಬಾರದು" ಎಂದಿದೆ. ಒಂದು ಪ್ಯಾರಾ ಕೈಯಲ್ಲೇ ಎಣಿಸಿ ಲೆಕ್ಕ ಹಾಕಿದರೆ ಒಟ್ಟು 1300ರ ಆಸುಪಾಸು ಬರುತ್ತದೆ. ಆನ್‌ಲೈನ್ ಟೂಲ್‌ಗೆ ಹಾಕಿದರೆ 2400 ದಾಟುತ್ತದೆ! ಪದಗಳ ಲೆಕ್ಕವೂ ಒಂದೊಂದು ಕಡೆ ಒಂದೊಂದು ಥರ. ತೂಬು, ಕೋಡಿ, ನೀರುಗಂಟಿಯ ಕೆಲಸದ ಬಗ್ಗೆ ಬರೆದ ಭಾಗ ತೆಗೆಯಲು ಮನಸ್ಸೇ ಇಲ್ಲ. ಯಾವ ಲೆಕ್ಕ ನಂಬಲಿ?

ಡಿಟಿಪಿ ಅಣ್ಣ:
ಮೇಡಂ, ದಯವಿಟ್ಟು ಆ ಭಾಗ ತೆಗೆಯಬೇಡಿ. ಅದೇ ಲೇಖನದ ಜೀವ.

ನಿಮ್ಮ ಎಣಿಕೆಯೂ ಸರಿ, ಟೂಲ್‌ನದೂ ಸರಿ. ಎಣಿಸುತ್ತಿರುವ ವಸ್ತುವೇ ಬೇರೆ. "ರಾಷ್ಟ್ರ" ನಮಗೆ ಎರಡು ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಏಳು: ರ, ದೀರ್ಘದ ಗುರುತು, ಷ, ಹಲಂತ (ಸ್ವರ ತೆಗೆಯುವ ಗುರುತು), ಟ, ಹಲಂತ, ರ. "ಸ್ತ್ರೀ" ನಮಗೆ ಒಂದೇ ಅಕ್ಷರ, ಅಲ್ಲಿ ಆರು. ಗುಣಿತದ ಗುರುತಿಗೂ ಒತ್ತಿಗೂ ಹೀಗೆ ಲೆಕ್ಕ ಏರುತ್ತಾ ಹೋಗುತ್ತದೆ. ಪದಗಳ ನಡುವಿನ ಖಾಲಿ ಜಾಗವೂ ಸಾಮಾನ್ಯವಾಗಿ ಸೇರುತ್ತದೆ. ಕಣ್ಣಿಗೆ ಕಾಣದ್ದೂ ಒಂದಿದೆ. ನೀವು ಬರೆದ "ಫಾರ್ಮ್‌ನಲ್ಲಿ" ನೋಡಿ. "ನ" ಒತ್ತಾಗಿ ಕೆಳಗೆ ಇಳಿಯದಂತೆ ಅಲ್ಲೊಂದು ತಡೆಗುರುತು ಕೂತಿರುತ್ತದೆ. ಅದಕ್ಕೂ ಒಂದು ಲೆಕ್ಕ.

ಫಾರ್ಮ್ ಕೂಡ ಬಹುಶಃ ಹೀಗೇ ಎಣಿಸುತ್ತದೆ, ಹಾಗಾಗಿ 2400 ಇದ್ದರೆ ಒಳಗೆ ಬಿಡುವುದಿಲ್ಲ. ಆದರೆ ಇಂಗ್ಲಿಷ್‌ಗೆ ಹೊಂದುವ ಮಿತಿಯನ್ನು ಹಾಗೇ ತಂದು ಕನ್ನಡಕ್ಕೆ ಹಾಕುವುದು ನ್ಯಾಯವಲ್ಲ. ನಾವು ಎಣಿಸುವ ಅಕ್ಷರದ ಲೆಕ್ಕದಲ್ಲಿ ಬರೆಯುವವರಿಗೆ ಸಿಗುವ ಜಾಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆಯೋಜಕರಿಗೆ ಒಂದು ಮೇಲ್ ಹಾಕಿ. ಮಿತಿಯನ್ನು ಪದಗಳಲ್ಲಿ ಹೇಳಿ ಅಂತ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವಂಥ ವಿಷಯ ಅಲ್ಲ ಇದು.

ಕೋಡ್ ಬರೆಯುವವಳು:
ಪದಗಳ ಲೆಕ್ಕ ಬೇರೆಬೇರೆ ಬರಲು ಕಾರಣ ಹೇಳುತ್ತೇನೆ. ಒಳ್ಳೆಯ ಟೂಲ್ ಖಾಲಿ ಜಾಗ ನೋಡಿ ಪದ ಬಿಡಿಸುತ್ತದೆ. ಕೆಲವು ಟೂಲ್‌ಗಳು ಗುಣಿತದ ಗುರುತು, ಹಲಂತ ಬಂದ ಕೂಡಲೇ ಪದ ಮುಗಿಯಿತು ಅಂದುಕೊಳ್ಳುತ್ತವೆ. ಅಲ್ಲಿ "ಕನ್ನಡ" ಎರಡು ಪದವಾಗುತ್ತದೆ. ಇಂಗ್ಲಿಷ್ ಅಕ್ಷರ ಮಾತ್ರ ಗುರುತಿಸುವ ಟೂಲ್‌ನಲ್ಲಿ ಸೊನ್ನೆ ಬರುತ್ತದೆ. ಮೊದಲು "ನಾನು ಶಾಲೆಗೆ ಹೋದೆ" ಅಂತ ಹಾಕಿ ನೋಡಿ. ಮೂರು ಬರದಿದ್ದರೆ ಆ ಟೂಲ್ ಬಿಟ್ಟುಬಿಡಿ.

ಹಾಲಿನ ಡೇರಿ ಕಾರ್ಯದರ್ಶಿ:
ಎಸ್ಸೆಮ್ಮೆಸ್ ಕಳಿಸುವವರಿಗೂ ಇದೇ ತೊಂದರೆ. ಇಂಗ್ಲಿಷ್‌ನಲ್ಲಿ ಒಂದು ಮೆಸೇಜಿಗೆ 160, ಕನ್ನಡದಲ್ಲಿ 70. ಉದ್ದವಾಗಿ ಒಡೆದು ಹೋದರೆ ತುಂಡಿಗೆ 67. ಅದೂ ಡಿಟಿಪಿಯವರು ಹೇಳಿದ ಲೆಕ್ಕದಲ್ಲೇ. ದರ ಬದಲಾದ ಸುದ್ದಿ ತಿಳಿಸುವಾಗ "ಸದಸ್ಯರ ಗಮನಕ್ಕೆ" ಎಂಬುದನ್ನೂ ಬಿಟ್ಟು ನೇರ ವಿಷಯಕ್ಕೆ ಬರುತ್ತೇವೆ. ಆದರೂ ಕನ್ನಡದಲ್ಲೇ ಕಳಿಸುತ್ತೇವೆ. ಓದಬೇಕಾದವರು ಹಾಲು ಹಾಕುವವರು ತಾನೇ?

ಕೋಲಾರದ ಟೀಚರ್:
ಎಲ್ಲರಿಗೂ ಧನ್ಯವಾದ. ಮೇಲ್‌ನಲ್ಲಿ "ರಾಷ್ಟ್ರ" ಉದಾಹರಣೆಯನ್ನೇ ಕೊಡುತ್ತೇನೆ. ಇನ್ನೊಂದು ಕೇಳಲಾ? ಶಾಲೆಯ ಹಳೇ ಲೇಖನಗಳು "ನುಡಿ" ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಆಗಿವೆ. ಅವನ್ನೂ ಹೀಗೇ ಎಣಿಸಬಹುದಾ?

ಡಿಟಿಪಿ ಅಣ್ಣ:
ಹಾಗೇ ಎಣಿಸಬೇಡಿ ಮೇಡಂ. ಹಳೇ ನುಡಿ ಫಾಂಟ್‌ಗಳಲ್ಲಿ ಬೇರೆ ಲಿಪಿಯ ಸಂಕೇತಗಳ ಮೇಲೆ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿರುತ್ತಾರೆ. "ಕನ್ನಡ" ಯೂನಿಕೋಡ್‌ನಲ್ಲಿ 5 ಆದರೆ ಅಲ್ಲಿ 7. ಮೊದಲು ಯೂನಿಕೋಡ್‌ಗೆ ಕನ್ವರ್ಟ್ ಮಾಡಿ. ಅರ್ಕಾವತ್ತು, ಒತ್ತಕ್ಷರ ಸರಿಯಾಗಿ ಬಂದಿವೆಯಾ ಅಂತ ಒಮ್ಮೆ ಓದಿ ನೋಡಿ. ಆಮೇಲೆ ಎಣಿಸಿ.