ಬಿಲ್ಲಿ ಐಲಿಶ್ ಮೊದಲ ಆಲ್ಬಂ ಮಲಗುವ ಕೋಣೆಯಲ್ಲಿ ತಯಾರಾಗಿದ್ದು ಹೇಗೆ?

ಮಂದ್ರಸ್ಥಾಯಿ (ಪ್ರಶ್ನೆ)

ಅಮೆರಿಕದ ಗಾಯಕಿ ಬಿಲ್ಲಿ ಐಲಿಶ್ ಕುರಿತ ಬರಹಗಳಲ್ಲಿ ಹೆಚ್ಚಿನವು ಒಂದೇ ದಾರಿ ಹಿಡಿಯುತ್ತವೆ. ಹದಿಮೂರರ ಹುಡುಗಿ, ಅಣ್ಣನ ಮಲಗುವ ಕೋಣೆ, ಒಂದು ಹಾಡು, ರಾತ್ರೋರಾತ್ರಿ ಹೆಸರು, ಆಮೇಲೆ ಗ್ರ್ಯಾಮಿ. ನಡುವಿನ ಕೆಲಸ ಏನು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ಮೂರು ವಿಷಯ ತಿಳಿಯಬೇಕು. 2015ರ ಮೊದಲ ಅಪ್‌ಲೋಡ್‌ನಿಂದ 2019ರ ಆಲ್ಬಂವರೆಗೆ ನಿಜಕ್ಕೂ ಏನೇನಾಯಿತು? ಅಷ್ಟು ಮೆಲ್ಲಗೆ ಹಾಡಿದ ದನಿ ಕಿವಿಯ ಪಕ್ಕದಲ್ಲೇ ಇದ್ದಂತೆ ಕೇಳಿಸುವುದು ಹೇಗೆ, ಯಾವ ಉಪಕರಣದಿಂದ? ಹದಿನೆಂಟು ತುಂಬದವರ ಜೊತೆ ಕಂಪನಿಗಳು ಒಪ್ಪಂದ ಮಾಡಿಕೊಳ್ಳುವಾಗ ಅಲ್ಲಿನ ಕಾನೂನು ಏನು ಹೇಳುತ್ತದೆ? ಗೊತ್ತಿದ್ದವರು ದಯವಿಟ್ಟು ವಿವರವಾಗಿ ಬರೆಯಿರಿ.

---

ಶ್ರುತಿಪೆಟ್ಟಿಗೆ

ಮೊದಲು ಕಾಲಕ್ರಮ ಬರೆಯುತ್ತೇನೆ, ಗೊಂದಲ ಇರುವುದೇ ಅಲ್ಲಿ.

ಬಿಲ್ಲಿ ಹುಟ್ಟಿದ್ದು 2001ರ ಡಿಸೆಂಬರ್ 18ರಂದು, ಲಾಸ್ ಏಂಜಲಿಸ್‌ನಲ್ಲಿ. ಬೆಳೆದದ್ದು ಅದೇ ನಗರದ ಹೈಲ್ಯಾಂಡ್ ಪಾರ್ಕ್‌ನಲ್ಲಿ, ಎರಡು ಮಲಗುವ ಕೋಣೆಗಳ ಸಣ್ಣ ಮನೆಯಲ್ಲಿ. ತಾಯಿ ಮ್ಯಾಗಿ ಬೇರ್ಡ್, ತಂದೆ ಪ್ಯಾಟ್ರಿಕ್ ಓಕಾನಲ್ ಇಬ್ಬರೂ ನಟರು, ಸಂಗೀತವೂ ಬಲ್ಲವರು. ಮಕ್ಕಳಿಬ್ಬರನ್ನೂ ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸಿದರು. ಎಂಟನೇ ವಯಸ್ಸಿಗೆ ಬಿಲ್ಲಿ ಲಾಸ್ ಏಂಜಲಿಸ್ ಚಿಲ್ಡ್ರನ್ಸ್ ಕೋರಸ್ ಸೇರಿದಳು. ಈ ಸಂಗತಿಯನ್ನು ಹಗುರವಾಗಿ ದಾಟಿ ಹೋಗಬಾರದು. ಮೆಲುದನಿಯಲ್ಲೂ ಶ್ರುತಿ ಅಲುಗದಿರುವುದು, ಉಸಿರನ್ನು ಅಳೆದು ಬಿಡುವುದು ಸಮೂಹ ಗಾಯನದಲ್ಲಿ ವರ್ಷಗಟ್ಟಲೆ ಪಳಗಿದವರಿಗೆ ಬರುವ ವಿದ್ಯೆ.

ಹೆಸರು ತಂದುಕೊಟ್ಟ 'ಓಷನ್ ಐಸ್' ಅವಳ ಮೊದಲ ಹಾಡು ಅನ್ನುವುದೂ ಸರಿಯಲ್ಲ. ಅದಕ್ಕೂ ಮೊದಲು 'ಫಿಂಗರ್ಸ್ ಕ್ರಾಸ್ಡ್' ಇತ್ತು, ತಾಯಿ ನಡೆಸುತ್ತಿದ್ದ ಹಾಡು ಬರೆಯುವ ತರಗತಿಗಾಗಿ ಬರೆದದ್ದು. 'ಓಷನ್ ಐಸ್' ಅಣ್ಣ ಫಿನಿಯಸ್ ತನ್ನ ಬ್ಯಾಂಡ್‌ಗೆಂದು ಬರೆದುಕೊಂಡಿದ್ದ ಹಾಡು. ನೃತ್ಯ ಸಂಯೋಜನೆಗೆ ಒಂದು ಹಾಡು ಬೇಕು ಅಂತ ಬಿಲ್ಲಿಯ ಡ್ಯಾನ್ಸ್ ಟೀಚರ್ ಕೇಳಿದ್ದರಿಂದ ಅದನ್ನು ಅವಳ ದನಿಯಲ್ಲಿ ರೆಕಾರ್ಡ್ ಮಾಡಿ, 2015ರ ನವೆಂಬರ್‌ನಲ್ಲಿ ಹಾಡು ಹಂಚಿಕೊಳ್ಳುವ ತಾಣ ಸೌಂಡ್‌ಕ್ಲೌಡ್‌ಗೆ ಹಾಕಿದರು. ಟೀಚರ್ ಅಲ್ಲಿಂದ ಇಳಿಸಿಕೊಳ್ಳಲಿ ಅನ್ನುವುದಷ್ಟೇ ಉದ್ದೇಶ. ಕೇಳುಗರು ತಾವಾಗಿಯೇ ಸೇರಿಕೊಂಡರು. ಅದರ ಬೆನ್ನಿಗೇ ಸೊಂಟದ ಗ್ರೋತ್ ಪ್ಲೇಟ್‌ಗೆ ಪೆಟ್ಟಾಗಿ ನೃತ್ಯ ನಿಂತಿತು. ಬೆಳೆಯುವ ವಯಸ್ಸಿನಲ್ಲಿ ಮೂಳೆಯ ತುದಿಯಲ್ಲಿರುವ ಈ ಮೃದ್ವಸ್ಥಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಸ್ನಾಯು ಜೋರಾಗಿ ಜಗ್ಗಿದರೆ ಅಲ್ಲೇ ಬಿರುಕು ಬಿಡುತ್ತದೆ.

2016ರಲ್ಲಿ ಡಾರ್ಕ್‌ರೂಮ್ ಮತ್ತು ಇಂಟರ್‌ಸ್ಕೋಪ್ ಎಂಬ ರೆಕಾರ್ಡ್ ಕಂಪನಿಗಳ ಜೊತೆ ಒಪ್ಪಂದ, ನವೆಂಬರ್‌ನಲ್ಲಿ ಅದೇ ಹಾಡಿನ ಅಧಿಕೃತ ಬಿಡುಗಡೆ. 2017ರ ಆಗಸ್ಟ್‌ನಲ್ಲಿ 'ಡೋಂಟ್ ಸ್ಮೈಲ್ ಆ್ಯಟ್ ಮಿ' ಇಪಿ, ಅಂದರೆ ಪೂರ್ಣ ಆಲ್ಬಂಗಿಂತ ಚಿಕ್ಕ ಹಾಡುಗುಚ್ಛ. 2018ರಲ್ಲಿ ಗಾಯಕ ಖಾಲಿದ್ ಜೊತೆ 'ಲವ್ಲಿ'. ಪೂರ್ಣ ಆಲ್ಬಂ 'ವೆನ್ ವಿ ಆಲ್ ಫಾಲ್ ಅಸ್ಲೀಪ್, ವೇರ್ ಡು ವಿ ಗೋ?' ಬಂದದ್ದು 2019ರ ಮಾರ್ಚ್ 29ಕ್ಕೆ. ಅಂದರೆ ಮೊದಲ ಅಪ್‌ಲೋಡ್‌ನಿಂದ ಆಲ್ಬಂಗೆ ಮೂರು ವರ್ಷ ನಾಲ್ಕು ತಿಂಗಳು. ರಾತ್ರೋರಾತ್ರಿ ಅನ್ನುವ ಮಾತು ಇಲ್ಲಿ ಹೊಂದುವುದಿಲ್ಲ. ಕೇಳುಗರನ್ನು ಹಾಡಿನಿಂದ ಹಾಡಿಗೆ ಕೂಡಿಸಿಕೊಂಡು, ಆಮೇಲೆ ಆಲ್ಬಂ ಕೊಟ್ಟರು. ಅದು ಅಮೆರಿಕದ ಆಲ್ಬಂಗಳ ಪಟ್ಟಿ ಬಿಲ್‌ಬೋರ್ಡ್ 200ರಲ್ಲಿ ನೇರವಾಗಿ ಒಂದನೇ ಸ್ಥಾನಕ್ಕೆ ಬಂತು. ಆಗಸ್ಟ್‌ನಲ್ಲಿ ಆ ಆಲ್ಬಂನ 'ಬ್ಯಾಡ್ ಗೈ' ಹಾಡುಗಳ ಪಟ್ಟಿಯಾದ ಹಾಟ್ 100ರ ತುದಿಗೇರಿ, ಲಿಲ್ ನಾಸ್ ಎಕ್ಸ್‌ನ 'ಓಲ್ಡ್ ಟೌನ್ ರೋಡ್'ನ 19 ವಾರಗಳ ಆಳ್ವಿಕೆ ಮುಗಿಸಿತು.

---

ಫೇಡರ್‌ಮನೆ

ಎರಡನೇ ಪ್ರಶ್ನೆಗೆ ನನ್ನ ಉತ್ತರ.

ಕೋಣೆ ಫಿನಿಯಸ್‌ನದು. ರೆಕಾರ್ಡಿಂಗ್‌ಗೆ ಲಾಜಿಕ್ ಪ್ರೊ ತಂತ್ರಾಂಶ, ಮೈಕನ್ನು ಕಂಪ್ಯೂಟರ್‌ಗೆ ಜೋಡಿಸಲು ಯುನಿವರ್ಸಲ್ ಆಡಿಯೊದ ಅಪೊಲೊ 8 ಇಂಟರ್‌ಫೇಸ್, ಯಮಾಹಾ ಎಚ್‌ಎಸ್5 ಸ್ಪೀಕರ್ ಜೋಡಿ, ಅದಕ್ಕೊಂದು ಸಬ್‌ವೂಫರ್. ಮೈಕ್ ಮೊದಲಿಗೆ ಆಡಿಯೊ ಟೆಕ್ನಿಕಾ ಎಟಿ2020, ನಂತರ ನಾಯ್‌ಮನ್ ಟಿಎಲ್‌ಎಂ 103. ಬಿಲ್ಲಿ ಹೆಚ್ಚಾಗಿ ಮಂಚದ ಮೇಲೆ ಕೂತೇ ಹಾಡುತ್ತಿದ್ದಳು.

ಮೈಕ್ ಬದಲಿಸಿದರೆ ಮೆಲುದನಿಗೆ ಆಗುವ ಲಾಭ ಅದರ ಸ್ವಂತ ಗದ್ದಲದಲ್ಲಿದೆ, ಅಂದರೆ ಮೈಕ್ ತಾನೇ ಹುಟ್ಟಿಸುವ ಸದ್ದಿನಲ್ಲಿ. ಎಟಿ2020ರ ಸ್ವಂತ ಗದ್ದಲ 20 ಡೆಸಿಬೆಲ್, ಟಿಎಲ್‌ಎಂ 103ರದ್ದು 7. ಗಂಟಲೆತ್ತಿ ಹಾಡುವವರಿಗೆ ಈ ಅಂತರ ಕೇಳಿಸುವುದೇ ಇಲ್ಲ. ಪಿಸುಮಾತಿನಂತೆ ಹಾಡಿದಾಗ ಗೇನ್ (ಮೈಕ್‌ನಿಂದ ಬಂದದ್ದನ್ನು ಹಿಗ್ಗಿಸುವ ಮಟ್ಟ) ಹೆಚ್ಚಿಸಬೇಕಾಗುತ್ತದೆ, ಆಮೇಲೆ ಜೋರು-ಮೆಲು ಅಂತರ ಕುಗ್ಗಿಸುವ ಕಂಪ್ರೆಸರ್ ಇನ್ನಷ್ಟು ಎತ್ತುತ್ತದೆ, ಆಗ ಹಿಂದಿನಿಂದ 'ಶ್' ಅನ್ನುವ ಸದ್ದು ಎದ್ದು ಬರುತ್ತದೆ. ಹಾಗಂತ ದುಬಾರಿ ಮೈಕೇ ಬೇಕೆಂದಲ್ಲ. ಎಟಿ2020ಯಲ್ಲೂ ಬಾಯಿಯನ್ನು 5ರಿಂದ 8 ಸೆಂ.ಮೀ. ಹತ್ತಿರ ತಂದರೆ ದನಿ ಗದ್ದಲದಿಂದ ಸಾಕಷ್ಟು ಮೇಲೇಳುತ್ತದೆ.

ಹತ್ತಿರ ಬಂದಾಗ ಎರಡು ತೊಂದರೆ ಬರುತ್ತವೆ. ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಇಂಥ ಕಾರ್ಡಿಯಾಯ್ಡ್ ಮೈಕ್‌ನಲ್ಲಿ ಕೆಳಸ್ವರಗಳು ಉಬ್ಬುತ್ತವೆ. 80 ಹರ್ಟ್ಸ್ ಕೆಳಗಿನದನ್ನು ಹೈಪಾಸ್‌ನಲ್ಲಿ ಕತ್ತರಿಸಿ, 200–300ರ ಆಸುಪಾಸಿನಲ್ಲಿ 2–3 ಡೆಸಿಬೆಲ್ ಇಳಿಸಿದರೆ ದನಿ ತಿಳಿಯಾಗುತ್ತದೆ. ಇನ್ನೊಂದು, ಪ, ಬ ಅಕ್ಷರಗಳ ಗಾಳಿ ಬಡಿತ. ಪಾಪ್ ಫಿಲ್ಟರ್ ಇಟ್ಟು, ಮೈಕನ್ನು ಬಾಯಿಯ ನೇರಕ್ಕೆ ಇಡದೆ 15–20 ಡಿಗ್ರಿ ಓರೆ ಮಾಡಿ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಅತಿ ಜೋರಿನ ಜಾಗವೂ ಮೈನಸ್ 12 ಡೆಸಿಬೆಲ್ ದಾಟದಂತೆ ಗೇನ್ ಇಡಿ.

ಕಂಪ್ರೆಷನ್ ಒಂದೇ ಏಟಿಗೆ ಬೇಡ. ಮೊದಲನೆಯದು 3:1 ಅನುಪಾತದಲ್ಲಿ 3–4 ಡೆಸಿಬೆಲ್ ಅದುಮಲಿ, ಎರಡನೆಯದು ನಿಧಾನದ್ದು, ಮತ್ತೆ ಅಷ್ಟೇ. ಒಂದೇ ಕಂಪ್ರೆಸರ್‌ನಿಂದ 10 ಡೆಸಿಬೆಲ್ ಎಳೆದರೆ ಉಸಿರು ಹಾಡಿಗಿಂತ ದೊಡ್ಡದಾಗುತ್ತದೆ. ಉಸಿರನ್ನು ಪೂರ್ತಿ ಅಳಿಸಬೇಡಿ, 4–6 ಡೆಸಿಬೆಲ್ ತಗ್ಗಿಸಿ. ಬಿಲ್ಲಿಯ ಹಾಡುಗಳಲ್ಲಿ ಉಸಿರು ತಾಳದ ಕೆಲಸ ಮಾಡುತ್ತದೆ. ಪಕ್ಕದಲ್ಲೇ ಇದ್ದಾಳೆ ಅನಿಸುವುದಕ್ಕೆ ಅದೂ ಕಾರಣ.

ಅವರ ನಿಜವಾದ ಆಸ್ತಿ ಸಮಯ. ಬಾಡಿಗೆ ಸ್ಟುಡಿಯೋದಲ್ಲಿ ಗಂಟೆ ಲೆಕ್ಕ ಓಡುತ್ತಿರುತ್ತದೆ. ಮನೆಯಲ್ಲಿ ಒಂದೇ ಸಾಲನ್ನು ಎಷ್ಟು ಸಲ ಬೇಕಾದರೂ ಹಾಡಿ, ಪದ ಪದವಾಗಿ ಆಯ್ದು ಜೋಡಿಸಬಹುದು. ಅವರ ದನಿಯ ಟ್ರ್ಯಾಕ್‌ಗಳು ತಯಾರಾಗಿದ್ದು ಹೀಗೆಯೇ. ಇದನ್ನು ಕಾಂಪಿಂಗ್ ಅನ್ನುತ್ತಾರೆ. ಜೋಡಿಸುವಾಗ ಸ್ವರಾಕ್ಷರದ ನಡುವೆ ಕತ್ತರಿಸಬೇಡಿ, ವ್ಯಂಜನದ ಮೊದಲು ಅಥವಾ ಉಸಿರಿನಲ್ಲಿ ಕತ್ತರಿಸಿ 5–10 ಮಿಲಿಸೆಕೆಂಡ್ ಕ್ರಾಸ್‌ಫೇಡ್ (ಒಂದು ತುಣುಕು ಇಳಿಯುತ್ತಾ ಇನ್ನೊಂದು ಏರುವುದು) ಕೊಡಿ. ಎಲ್ಲ ಟೇಕ್‌ಗಳೂ ಒಂದೇ ದಿನ, ಮೈಕ್‌ನಿಂದ ಒಂದೇ ದೂರದಲ್ಲಿ ಆಗಿರಬೇಕು. ದೂರ ಬದಲಾದರೆ ಬಣ್ಣ ಬದಲಾಗಿ ಹೊಲಿಗೆ ಕಾಣಿಸುತ್ತದೆ.

---

ಮಂದ್ರಸ್ಥಾಯಿ

ತುಂಬಾ ಉಪಕಾರವಾಯಿತು. ಇನ್ನೊಂದು ಸಂದೇಹ. 'ಬ್ಯಾಡ್ ಗೈ'ನಲ್ಲಿ ದನಿ ಎರಡೂ ಕಿವಿಗೆ ಹರಡಿದಂತಿದೆ, ಬೇಸ್ ಅಷ್ಟು ಆಳದಲ್ಲಿದ್ದರೂ ಫೋನಿನ ಸ್ಪೀಕರ್‌ನಲ್ಲಿ ಮಾಯವಾಗುವುದಿಲ್ಲ. ಇದೂ ಆ ಕೋಣೆಯಲ್ಲೇ ಆಗಿದ್ದಾ?

---

ಫೇಡರ್‌ಮನೆ

ಹಾಡಿನ ರಚನೆ, ರೆಕಾರ್ಡಿಂಗ್ ಅಲ್ಲೇ. ಆದರೆ ಮಿಕ್ಸಿಂಗ್ (ಎಲ್ಲ ಟ್ರ್ಯಾಕ್‌ಗಳನ್ನು ಹದವಾಗಿ ಬೆರೆಸುವುದು) ಮಾಡಿದ್ದು ರಾಬ್ ಕಿನೆಲ್ಸ್ಕಿ, ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಕೊನೆಯ ಹದ) ಜಾನ್ ಗ್ರೀನ್‌ಹ್ಯಾಮ್. ಎಲ್ಲವೂ ಕೋಣೆಯಲ್ಲೇ ಮುಗಿಯಿತು ಅನ್ನುವವರು ಈ ಇಬ್ಬರನ್ನು ಮರೆತುಬಿಡುತ್ತಾರೆ. ಅದು ಅನ್ಯಾಯ.

ದನಿ ಹರಡುವ ವಿಧಾನ ಹೀಗೆ. ಮುಖ್ಯ ದನಿ ನಡುವೆ. ಅದೇ ಸಾಲನ್ನು ಇನ್ನೆರಡು ಸಲ ಬೇರೆಯಾಗಿ ಹಾಡಿಸಿ, ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಹಾಕಿ, ಮುಖ್ಯ ದನಿಗಿಂತ 8–12 ಡೆಸಿಬೆಲ್ ಕೆಳಗಿಡಿ. ಒಂದೇ ಟೇಕನ್ನು ನಕಲು ಮಾಡಿ ಎರಡೂ ಕಡೆ ಹಾಕಿದರೆ ಅಗಲ ಬರುವುದಿಲ್ಲ, ದನಿ ಜೋರಾಗುತ್ತದೆ ಅಷ್ಟೆ. ಪಕ್ಕದ ಟ್ರ್ಯಾಕ್‌ಗಳಲ್ಲಿ ಸ, ಶ, ತ ಅಕ್ಷರಗಳನ್ನು ತಗ್ಗಿಸಿ. ಮೂರು ಬಾಯಿಂದ ಮೂರು 'ಸ' ಒಂದಿಷ್ಟು ಹಿಂದುಮುಂದಾಗಿ ಬಂದರೆ ಹಾವು ಬುಸುಗುಟ್ಟಿದಂತಾಗುತ್ತದೆ.

ಬೇಸ್ ಫೋನಿನಲ್ಲಿ ಉಳಿಯುವುದಕ್ಕೆ ಮೇಲಿನ ಹಾರ್ಮೋನಿಕ್‌ಗಳು, ಅಂದರೆ ಮೂಲಸ್ವರದ ಎರಡು, ಮೂರು ಪಟ್ಟಿನ ನಾದಗಳು ಬೇಕು. 50 ಹರ್ಟ್ಸ್ ನಾದವನ್ನು ಫೋನ್ ನುಡಿಸಲಾರದು. ಸ್ಯಾಚುರೇಷನ್ (ನಾದವನ್ನು ತುಸು ಒರಟಾಗಿಸುವುದು) ಕೊಟ್ಟರೆ 100, 150, 200 ಹೀಗೆ ಮೇಲಕ್ಕೆ ಅದರ ನೆರಳು ಹುಟ್ಟುತ್ತದೆ, ಕೇಳುವವರ ಮಿದುಳು ಮೂಲಸ್ವರವನ್ನು ತಾನೇ ತುಂಬಿಕೊಳ್ಳುತ್ತದೆ. ಜೊತೆಗೆ ಆ ಹಾಡಿನಲ್ಲಿ ವಾದ್ಯಗಳೇ ಕಡಿಮೆ. ಬೇಸ್, ಕಿಕ್, ಚಿಟಿಕೆ, ಆ ಸಿಂಥ್ ಎಳೆ, ದನಿ. ಮಧ್ಯದಲ್ಲಿ ಗಿಟಾರ್, ಪ್ಯಾಡ್ ಅಂತ ತುರುಕಿದ್ದರೆ ಪಿಸುದನಿಗೆ ಜಾಗವೇ ಇರುತ್ತಿರಲಿಲ್ಲ. ಹೊಸಬರು ಎಡವುವುದು ಇಲ್ಲೇ. ದನಿ ಸಣ್ಣದಾಯಿತೆಂದು ವಾದ್ಯ ಸೇರಿಸುತ್ತಾರೆ, ದನಿ ಇನ್ನೂ ಸಣ್ಣದಾಗುತ್ತದೆ.

ಎಚ್‌ಎಸ್5ನದು ಐದಿಂಚಿನ ವೂಫರ್. ಅದೊಂದನ್ನೇ ನಂಬಿ ಇಂಥ ಬೇಸ್ ತೂಗಲಾಗದು, ಅದಕ್ಕೇ ಅಲ್ಲಿ ಸಬ್‌ವೂಫರ್ ಇತ್ತು. ಹಾಸಿಗೆ, ಪರದೆಗಳು ಮೇಲಿನ ಸ್ವರಗಳನ್ನು ಹೀರುತ್ತವೆ, ಬೇಸನ್ನು ಅಲ್ಲ. ಸ್ಪೀಕರ್ ಮೂಲೆಗೆ ತಾಗಿದ್ದರೆ ಬೇಸ್ ಸುಳ್ಳು ಹೇಳುತ್ತದೆ. ಹೆಡ್‌ಫೋನ್, ಕಾರು, ಫೋನು ಮೂರರಲ್ಲೂ ಕೇಳಿ ನೋಡಿ.

ಸುತ್ತಲಿನ ಸದ್ದುಗಳನ್ನು ಅವರು ಬಳಸಿದ ರೀತಿ ನನಗೆ ಬಹಳ ಇಷ್ಟ. 'ಬ್ಯಾಡ್ ಗೈ'ನಲ್ಲಿ ಆಸ್ಟ್ರೇಲಿಯದ ರಸ್ತೆ ದಾಟುವ ಸಿಗ್ನಲ್‌ನ ಟಕಟಕ ಇದೆ, ಬಿಲ್ಲಿ ಫೋನಿನಲ್ಲಿ ಹಿಡಿದದ್ದು. 'ಬರಿ ಎ ಫ್ರೆಂಡ್'ನಲ್ಲಿ ಹಲ್ಲಿನ ವೈದ್ಯರ ಡ್ರಿಲ್ ಸದ್ದು. ಇಂಥವನ್ನು ಸೇರಿಸುವಾಗ ಹಾಡಿನ ವೇಗಕ್ಕೆ ಎಳೆದು ಕೂರಿಸಬೇಕು, 300 ಹರ್ಟ್ಸ್ ಕೆಳಗಿನ ರಸ್ತೆಯ ಗುಡುಗನ್ನು ಕತ್ತರಿಸಬೇಕು.

---

ಕರಾರುಪತ್ರ

ಮೂರನೇ ಪ್ರಶ್ನೆ ಉಳಿದಿತ್ತು. ಅವರ ಒಪ್ಪಂದದ ಒಳವಿವರಗಳಿಗೆ ನಾನು ಹೋಗುವುದಿಲ್ಲ, ಲಾಸ್ ಏಂಜಲಿಸ್ ಇರುವ ಕ್ಯಾಲಿಫೋರ್ನಿಯ ರಾಜ್ಯದ ಸಾಮಾನ್ಯ ನಿಯಮ ಹೇಳುತ್ತೇನೆ.

ಬಾಲನಟ ಜಾಕಿ ಕೂಗನ್ ದುಡಿದ ಹಣವನ್ನು ಮನೆಯವರೇ ಖರ್ಚು ಮಾಡಿಬಿಟ್ಟಿದ್ದರು. ಆ ಪ್ರಕರಣದ ನಂತರ 1939ರಲ್ಲಿ ಕೂಗನ್ ಕಾಯ್ದೆ ಬಂತು. ಈಗಿನ ರೂಪದಲ್ಲಿ ಅಪ್ರಾಪ್ತ ಕಲಾವಿದರ ಸಂಪಾದನೆ ಅವರದೇ ಆಸ್ತಿ. ಒಟ್ಟು ಗಳಿಕೆಯ ಶೇ. 15ರಷ್ಟನ್ನು ಟ್ರಸ್ಟ್ ಖಾತೆಗೆ ಹಾಕಬೇಕು, ಹದಿನೆಂಟು ತುಂಬುವವರೆಗೆ ಮುಟ್ಟುವಂತಿಲ್ಲ. ಒಪ್ಪಂದಕ್ಕೆ ನ್ಯಾಯಾಲಯದ ಅನುಮೋದನೆ ಪಡೆಯುವ ದಾರಿಯೂ ಇದೆ. ಅನುಮೋದನೆ ಇಲ್ಲದಿದ್ದರೆ ವಯಸ್ಸಿನ ಕಾರಣ ಕೊಟ್ಟು ಕಲಾವಿದರು ಒಪ್ಪಂದದಿಂದ ಹೊರಬರಬಹುದು, ಅನುಮೋದನೆ ಇದ್ದರೆ ಆ ಕಾರಣಕ್ಕೆ ಮುರಿಯಲಾಗದು. ಹಾಗಾಗಿ ಹಣ ಹೂಡುವ ಕಂಪನಿಗಳಿಗೆ ಈ ಅನುಮೋದನೆ ಮುಖ್ಯ.

ಸಹಿ ಹಾಕುವ ಮೊದಲು ಎರಡು ಹಕ್ಕುಗಳನ್ನು ಬೇರೆ ಬೇರೆಯಾಗಿ ನೋಡಬೇಕು. ರೆಕಾರ್ಡಿಂಗ್‌ನ ಹಕ್ಕು, ಅಂದರೆ ಮಾಸ್ಟರ್, ಒಂದು. ಸಾಹಿತ್ಯ ಮತ್ತು ರಾಗದ ಹಕ್ಕು, ಅಂದರೆ ಪಬ್ಲಿಷಿಂಗ್, ಇನ್ನೊಂದು. ಅಣ್ಣ-ತಂಗಿ ತಾವೇ ಬರೆಯುವುದರಿಂದ ಎರಡನೆಯದರಲ್ಲೂ ಪಾಲು ಬರುತ್ತದೆ. ಗ್ರ್ಯಾಮಿಯಲ್ಲೂ ಇದೇ ವಿಂಗಡಣೆ. 'ಸಾಂಗ್ ಆಫ್ ದಿ ಇಯರ್' ಬರೆದವರಿಗೆ. 'ರೆಕಾರ್ಡ್ ಆಫ್ ದಿ ಇಯರ್' ಹಾಡಿದವರಿಗೆ, ನಿರ್ಮಾಪಕರಿಗೆ, ಧ್ವನಿ ತಂತ್ರಜ್ಞರಿಗೆ. 2020ರ ಜನವರಿಯಲ್ಲಿ ಬಿಲ್ಲಿ ಇವೆರಡರ ಜೊತೆ ವರ್ಷದ ಆಲ್ಬಂ, ಹೊಸ ಕಲಾವಿದೆ ಪ್ರಶಸ್ತಿಗಳನ್ನೂ ಪಡೆದರು. ನಾಲ್ಕನ್ನೂ ಒಂದೇ ರಾತ್ರಿ ಗೆದ್ದವರು ಅವರಿಗಿಂತ ಮೊದಲು 1981ರಲ್ಲಿ ಕ್ರಿಸ್ಟೋಫರ್ ಕ್ರಾಸ್ ಒಬ್ಬರೇ.

---

ಶ್ರುತಿಪೆಟ್ಟಿಗೆ

ಒಂದು ಮಾತು ಸೇರಿಸುತ್ತೇನೆ. ಬಿಲ್ಲಿಯನ್ನು ಅನುಕರಿಸಲು ಹೋಗಿ ಬರೀ ಗಾಳಿಯಲ್ಲಿ ಪಿಸುಗುಟ್ಟುವವರು ಬಹಳ. ಅವಳು ಹಾಡುವುದು ಪಿಸುಮಾತಲ್ಲ, ಮೆಲುದನಿ. ಧ್ವನಿತಂತುಗಳು ಕೂಡಿಯೇ ಕಂಪಿಸುತ್ತವೆ, ಸ್ವರ ಸ್ಪಷ್ಟವಾಗಿರುತ್ತದೆ. ಪೂರ್ತಿ ಗಾಳಿ ಬಿಟ್ಟರೆ ಗಂಟಲು ಬೇಗ ಒಣಗುತ್ತದೆ, ಶ್ರುತಿ ಕೆಳಗೆ ಜಾರುತ್ತದೆ. ಪರೀಕ್ಷೆ ಸುಲಭ: ಅದೇ ಸಾಲನ್ನು ಬಾಯಿ ಮುಚ್ಚಿ ಗುನುಗಿ, ಅದೇ ಮಟ್ಟದಲ್ಲಿ ಬಾಯಿ ತೆರೆಯಿರಿ. ಸ್ವರ ಕರಗಿದರೆ ಗಾಳಿ ಹೆಚ್ಚಾಗಿದೆ ಅಂತ ಅರ್ಥ.

ಅವಳ ದನಿ ಅಲ್ಲೇ ನಿಂತಿಲ್ಲ ಅನ್ನುವುದನ್ನೂ ಗಮನಿಸಿ. 2021ರ 'ಹ್ಯಾಪಿಯರ್ ದ್ಯಾನ್ ಎವರ್' ಶೀರ್ಷಿಕೆ ಗೀತೆ ಮೆಲ್ಲಗೆ ಶುರುವಾಗಿ ಕೊನೆಗೆ ಚೀರಾಟಕ್ಕೆ ಮುಟ್ಟುತ್ತದೆ. 2024ರ ಮೇ 17ಕ್ಕೆ ಬಂದ 'ಹಿಟ್ ಮಿ ಹಾರ್ಡ್ ಆ್ಯಂಡ್ ಸಾಫ್ಟ್'ನ 'ಬರ್ಡ್ಸ್ ಆಫ್ ಎ ಫೆದರ್'ನಲ್ಲಿ ಎದೆದನಿಯನ್ನು ಮೇಲಿನ ಸ್ವರಗಳಿಗೆ ಒಯ್ದಿದ್ದಾಳೆ. ಅಂಥ ಹಾಡಿಗೆ ಮೇಲೆ ಹೇಳಿದ 5–8 ಸೆಂ.ಮೀ. ನಡೆಯುವುದಿಲ್ಲ. ಮೆಲುಭಾಗ ಮತ್ತು ಜೋರುಭಾಗಕ್ಕೆ ಬೇರೆ ಟ್ರ್ಯಾಕ್ ಇಟ್ಟು, ಜೋರುಭಾಗಕ್ಕೆ 20–30 ಸೆಂ.ಮೀ. ಹಿಂದೆ ಸರಿದು, ಗೇನ್ ಇಳಿಸಿ ಹಾಡಿ. ಹಿಂದೆ ಸರಿದಷ್ಟೂ ಕೋಣೆಯ ಸದ್ದು ಒಳಗೆ ಬರುತ್ತದೆ, ಹಾಗಾಗಿ ಹಾಡುವವರ ಬೆನ್ನ ಹಿಂದೆ ದಪ್ಪ ರಜಾಯಿ ತೂಗುಬಿಡಿ. ಮೈಕ್ ಎದುರಿಗೆ ನೋಡುವುದು ಆ ಗೋಡೆಯನ್ನೇ.