ಸಹಾಯ ಬೇಕು: ಬೆಳ್ಳಿ ನಾಣ್ಯ ನೋಡುವಾಗ ಮೇಜಿನ ಮೇಲೆ ಏನು ಹಾಸುತ್ತೀರಿ?

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಬ್ರಿಟಿಷರ ಕಾಲದ ಒಂದಿಷ್ಟು ಬೆಳ್ಳಿ ರೂಪಾಯಿಗಳಿವೆ. ಅದರಲ್ಲಿ 1911ರ ಐದನೇ ಜಾರ್ಜ್ ರೂಪಾಯಿಯೂ ಒಂದು. ರಾಜನ ನಿಲುವಂಗಿ ಮೇಲಿನ ಆನೆ ಹಂದಿ ಥರ ಕಾಣುತ್ತದೆ ಅಂತ ಗಲಾಟೆಯಾಗಿತ್ತಲ್ಲ, ಅದೇ. ಆ ಪುಟಾಣಿ ಸೊಂಡಿಲು ಸರಿಯಾಗಿ ಕಾಣಬೇಕಾದರೆ ನಾಣ್ಯದ ಅಂಚು ಹಿಡಿದು ದೀಪದ ಕೆಳಗೆ ಓರೆಯಾಗಿ ತಿರುಗಿಸುತ್ತಲೇ ಇರಬೇಕು. 11.66 ಗ್ರಾಂ ತೂಕದ ಬೆಳ್ಳಿ, ಕೈಜಾರಿ ಗಟ್ಟಿ ಮೇಜಿನ ಮೇಲೆ ಬಿದ್ದರೆ ಅಂಚು ಜಜ್ಜಿ ಹೋಗುತ್ತದೆ.

ಮೊದಲು ವೆಲ್ವೆಟ್ ಬಟ್ಟೆ ಹಾಸಿ ನೋಡಿದೆ. ಮೆತ್ತಗಿದೆ, ಆದರೆ ಎಳೆಗಳ ನಡುವೆ ಧೂಳು ಕೂತರೆ ಕೊಡವಿದರೂ ಪೂರ್ತಿ ಹೋಗುವುದಿಲ್ಲ. ಒಂದು ಮರಳಿನ ಕಣ ಸಾಕು, ಗೀರು ಬೀಳಲು. ಮೌಸ್ ಪ್ಯಾಡ್ ಚೆನ್ನಾಗಿತ್ತು, ಆದರೆ ರಬ್ಬರಿನ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಪಿವಿಸಿ ಹಾಳೆಯಂತೂ ಬೇಡವೇ ಬೇಡ, ಅದರಿಂದ ಬರುವ ಹಸಿರು ಅಂಟು ನಾಣ್ಯಪ್ರಿಯರಿಗೆ ಹೊಸದೇನಲ್ಲ. ಈಗ ಒಗೆದ ಹತ್ತಿ ಟವೆಲ್ ಮಡಚಿ ಹಾಕುತ್ತಿದ್ದೇನೆ. ಆದರೆ ನೂಲಿನ ತುಣುಕುಗಳು ಭೂತಗನ್ನಡಿಯಲ್ಲಿ ಗೀರಿನಂತೆಯೇ ಕಾಣುತ್ತವೆ, ಸುಮ್ನೆ ಗಾಬರಿ!

ಅಂಗಡಿಯವರು ಸಿಲಿಕೋನ್ ಮ್ಯಾಟ್ ತಗೊಳ್ಳಿ ಅನ್ನುತ್ತಾರೆ. ಒರೆಸುವುದು ಸುಲಭ, ನಿಜ. ನನ್ನ ಗೊಂದಲ ಇಷ್ಟೇ: ನಾಣ್ಯವನ್ನು ಅದರ ಮೇಲೆ ಇಟ್ಟು ಬಿಡುವುದಿಲ್ಲ, ಅರ್ಧ ಗಂಟೆ ನೋಡಿ ಎತ್ತಿಡುತ್ತೇನೆ. ಅಷ್ಟಕ್ಕೆ ಸಿಲಿಕೋನ್ ಬೆಳ್ಳಿಗೆ ಸುರಕ್ಷಿತವೇ, ಅಥವಾ ಮೇಲೊಂದು ಮೈಕ್ರೋಫೈಬರ್ ಬಟ್ಟೆ ಬೇಕೇ? ಬಳಸಿದವರು ಹೇಳಿ. ಬಣ್ಣ ಕಪ್ಪು ಒಳ್ಳೆಯದೋ ಬೂದು ಒಳ್ಳೆಯದೋ ಅನ್ನುವುದನ್ನೂ ತಿಳಿಸಿ.