ಅಪ್‌ಡೇಟ್: ಎಟ್ನಾದ ರೆಡ್ ವೈನ್ ಕೆಟ್ಟಿರಲಿಲ್ಲ!

ನನ್ನ ವೈನ್ ಕೆಟ್ಟಿದೆಯಾ, ಏನು ಮಾಡಲಿ ಅಂತ ಹೋದ ವಾರ ಕೇಳಿದ್ದೆ, ನೆನಪಿದೆಯಾ? ಇಟಲಿಯ ಸಿಸಿಲಿ ದ್ವೀಪಕ್ಕೆ ಹೋದಾಗ ಎಟ್ನಾ ಜ್ವಾಲಾಮುಖಿಯ ಉತ್ತರ ಇಳಿಜಾರಿನ ಒಂದು ತೋಟದಿಂದ ಮೂರು ಬಾಟಲಿ ಆರ್ಗ್ಯಾನಿಕ್ ರೆಡ್ ವೈನ್ ತಂದಿದ್ದೆ. ಬಣ್ಣ ತೆಳು, ತಳದಲ್ಲಿ ಗಷ್ಟು, ಬಾಯಿಗಿಟ್ಟರೆ ಹುಳಿ, ಒಗರು. ಕೆಟ್ಟಿದೆಯೇನೋ ಅಂತ ಬೇಜಾರಾಗಿತ್ತು.

ಫ್ರಿಜ್‌ನಲ್ಲಿಟ್ಟು ಚೆನ್ನಾಗಿ ತಣ್ಣಗೆ ಮಾಡುವ ಸಲಹೆ ನನಗೆ ಆಗಲಿಲ್ಲ. ಒಗರು ಇನ್ನೂ ಜಾಸ್ತಿಯಾಯಿತು. ಕೆಲಸ ಮಾಡಿದ್ದು ಇದು: ಬಾಟಲಿಯನ್ನು ಒಂದು ದಿನ ನೆಟ್ಟಗೆ ನಿಲ್ಲಿಸಿ, ಅಲುಗಾಡಿಸದೆ ಗಾಜಿನ ಜಗ್ಗಿಗೆ ಬಗ್ಗಿಸಿ, ಒಂದು ಗಂಟೆ ಸುಮ್ನೆ ಬಿಡುವುದು. ಗಷ್ಟು ತಳದಲ್ಲೇ ಉಳಿಯಿತು. ಸುಮಾರು 16 ಡಿಗ್ರಿಯಲ್ಲಿ ಕುಡಿದಾಗ ಚೆರ್ರಿ ಹಣ್ಣಿನ ಪರಿಮಳ ಎದ್ದು ಬಂತು. ಹೇಳಿಕೊಟ್ಟವರಿಗೆ ತುಂಬಾ ಥ್ಯಾಂಕ್ಸ್! ಬದನೆಕಾಯಿ ಹಾಕಿದ ಪಾಸ್ತಾ ಅಲ್ಲಾ ನೋರ್ಮಾ ಜೊತೆಗಂತೂ ಹುಳಿ ಹಿತವಾಗಿಯೇ ಇತ್ತು. ಅದೂ ಅಲ್ಲಿಯದೇ ಅಡುಗೆ ಅಲ್ವಾ.

ತೆಳು ಬಣ್ಣಕ್ಕೆ ಕಾರಣ ದ್ರಾಕ್ಷಿಯ ತಳಿ. ಎಟ್ನಾ ರೋಸ್ಸೊ ಅನ್ನುವ ಅಲ್ಲಿನ ರೆಡ್ ವೈನ್‌ನಲ್ಲಿ ಕನಿಷ್ಠ 80% ನೆರೆಲ್ಲೊ ಮಸ್ಕಲೇಸೆ ಅನ್ನುವ ದ್ರಾಕ್ಷಿ ಇರಬೇಕು. ಅದರ ಸಿಪ್ಪೆಯಲ್ಲೇ ಬಣ್ಣ ಕಡಿಮೆ. ಅಲ್ಲಿ ತೋಟಗಳು 1,000 ಮೀಟರ್ ಎತ್ತರದವರೆಗೂ ಇವೆ. ರಾತ್ರಿ ಚಳಿ, ಹಣ್ಣು ಮಾಗುವುದು ನಿಧಾನ, ಕೊಯ್ಲು ಅಕ್ಟೋಬರ್‌ನಲ್ಲಿ. ಅದಕ್ಕೇ ಹುಳಿ ಉಳಿಯುತ್ತದೆ.

ನನಗೆ ನಿಜಕ್ಕೂ ಆಶ್ಚರ್ಯವಾಗಿದ್ದು ಇನ್ನೊಂದು. ಆರ್ಗ್ಯಾನಿಕ್ ಅಂದರೆ ಸಲ್ಫೈಟ್ (ವೈನ್ ಕೆಡದಂತೆ ಹಾಕುವ ಸಂರಕ್ಷಕ) ಇಲ್ಲವೇ ಇಲ್ಲ ಅಂದುಕೊಂಡಿದ್ದೆ. ಹಾಗಲ್ಲ. ಯುರೋಪಿಯನ್ ಒಕ್ಕೂಟದ 2012ರ ನಿಯಮದ ಪ್ರಕಾರ ಸಿಹಿಯಿಲ್ಲದ ಆರ್ಗ್ಯಾನಿಕ್ ರೆಡ್ ವೈನ್‌ನಲ್ಲಿ ಲೀಟರಿಗೆ 100 ಮಿಲಿಗ್ರಾಂವರೆಗೆ ಇರಬಹುದು. ಅಂಥದೇ ಮಾಮೂಲಿ ರೆಡ್ ವೈನ್‌ಗೆ ಈ ಮಿತಿ 150. ಸಲ್ಫೈಟ್ ಆಗದವರು ಆರ್ಗ್ಯಾನಿಕ್ ಎಂದು ಸೂಚಿಸುವ ಹಸಿರು ಎಲೆಯ ಗುರುತನ್ನಷ್ಟೇ ನಂಬಬೇಡಿ, ಲೇಬಲ್ ಪೂರ್ತಿ ಓದಿ.

ಕೊನೆಯ ಬಾಟಲಿಯನ್ನು ಇನ್ನೆರಡು ವರ್ಷ ಹಾಗೇ ಇಡುತ್ತೇನೆ.